ಹಲ್ಲಿನವರ ಸಿಗಾರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನನ್ನ ಮನೆಯ ಕತೆಯಲ್ಲ, ಬೇರೆಯವರ ಮನೆಯ ದುಃಖ. ಅದನ್ನು ಬರೆಯಲು ನನಗೆ ಯಾರೂ ಅಪ್ಪಣೆ ಕೊಟ್ಟಿಲ್ಲ. ಬೇಡ ಎಂದು ಹೇಳಬೇಕಾದವರಲ್ಲಿ ಒಬ್ಬರು ಇಲ್ಲ, ಇನ್ನೊಬ್ಬರು ಹಾಗೆ ಹೇಳಲಿಲ್ಲ, ಅಷ್ಟೇ. ಹಗಲೆಲ್ಲ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಾ ನಾಲ್ಕು ಅಕ್ಷರ ಕಲಿತವಳು ನಾನು. ಎಲ್ಲಿ ಹೆಚ್ಚು ಹೇಳಿಬಿಡುತ್ತೇನೋ, ಎಲ್ಲಿ ಮುಖ್ಯವಾದದ್ದನ್ನೇ ನುಂಗಿಬಿಡುತ್ತೇನೋ ಎಂಬ ಅಳುಕು ಈ ಸಾಲು ಬರೆಯುವಾಗಲೂ ಇದೆ. ಕಂಡದ್ದನ್ನು ಕಂಡ ಹಾಗೆ ಹೇಳಲು ಪ್ರಯತ್ನಿಸುತ್ತೇನೆ.

ನಾನು ಕೆಲಸ ಮಾಡುವುದು ಸಿಗಾರು ಮಾರುವ ಅಂಗಡಿಯಲ್ಲಿ. ಮುಂದೆ ಉದ್ದನೆಯ ಕೌಂಟರು, ಹಿಂದೆ ಗಾಜಿನ ಬಾಗಿಲಿನ ಒಂದು ಪುಟ್ಟ ಕೋಣೆ. ಆ ಕೋಣೆಯ ಗಾಳಿ ಸದಾ ಒಂದಿಷ್ಟು ತೇವವಾಗಿರಬೇಕು. ಒಣಗಿದರೆ ಸಿಗಾರು ತರಗೆಲೆಯ ಹಾಗೆ ಪುಡಿಯಾಗುತ್ತದೆ, ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಬೆಳಿಗ್ಗೆ ಬಂದ ಕೂಡಲೇ ಅಲ್ಲಿನ ನೀರಿನ ಬಟ್ಟಲು ನೋಡುವುದು, ಪೆಟ್ಟಿಗೆಗಳನ್ನು ತಿರುಗಿಸಿಡುವುದು ನನ್ನ ಕೆಲಸ. ಯಜಮಾನರು ಮಾರುವುದೆಲ್ಲ ಕ್ಯೂಬಾದ ಒಂದೇ ಮನೆತನದ ಸರಕು. ಹೆಸರು ಇಲ್ಲಿ ಬೇಡ. ಘಾಟಿಗೆ ಹೆಸರಾದದ್ದು ಎಂದರೆ ಸಾಕು. ಶೋಕಿಗೆಂದು ಬಂದ ಹೊಸಬರು ಊಟ ಮಾಡದೆ ಅದನ್ನು ಹಚ್ಚಿ, ಮುಖ ಬಿಳಿಚಿಕೊಂಡು ಕೌಂಟರು ಹಿಡಿದು ನಿಲ್ಲುವುದು ನಮಗೆ ಹೊಸದಲ್ಲ. ಯಜಮಾನರು ಅವರಿಗೆ ಒಂದು ಚಮಚ ಸಕ್ಕರೆ ಕೊಟ್ಟು ಕೂರಿಸುತ್ತಾರೆ.

ನಮ್ಮ ಹಳೆಯ ಗಿರಾಕಿಗಳಲ್ಲಿ ಒಬ್ಬರನ್ನು ನಾವು ಹಲ್ಲಿನವರು ಎಂದು ಕರೆಯುತ್ತಿದ್ದೆವು. ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟುಗಳನ್ನು ಮಾಡುವುದು ಅವರ ಕಸುಬು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಇವರು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಮೇಣ ಕಾಸಿ, ಒಂದೊಂದೇ ಹಲ್ಲು ಕೂರಿಸಿ ಸಾಲು ಮಾಡುತ್ತಿದ್ದರು. ನಮ್ಮ ಯಜಮಾನರ ಮೇಲಿನ ಸಾಲೂ ಅವರದೇ ಕೈಯದು.

"ಇದು ಸಿಗಾರು ಕಚ್ಚೋಕೆ ಅಂತಲೇ ಮಾಡಿರೋ ಹಲ್ಲು ಕಣ್ರೀ. ಬೇರೆ ಏನಾದ್ರೂ ಕಚ್ಚಿದ್ರೆ ಗ್ಯಾರಂಟಿ ಇಲ್ಲ," ಎಂದು ಹಲ್ಲಿನವರು ಬಂದಾಗಲೆಲ್ಲ ಹೇಳುತ್ತಿದ್ದರು. ಯಜಮಾನರು ಪ್ರತಿ ಸಲವೂ ಮೊದಲ ಸಲ ಕೇಳಿದವರ ಹಾಗೆ ನಗುತ್ತಿದ್ದರು.

ಅವರು ಕೊಳ್ಳುತ್ತಿದ್ದದ್ದು ಗಿಡ್ಡನೆಯ, ದಪ್ಪನೆಯ ಸಿಗಾರು. ಆ ಮನೆತನದಲ್ಲೇ ಅತಿ ಕಡಕ್ಕಾದದ್ದು. ದಿನಕ್ಕೆ ಒಂದೇ. ಒಂದು ಮಧ್ಯಾಹ್ನ, ಅರ್ಧ ಮುಗಿದ ಕೆಳಸಾಲನ್ನು ಮುಂದಿಟ್ಟುಕೊಂಡೇ, ಎದೆ ಹಿಡಿದುಕೊಂಡು ಹೋಗಿಬಿಟ್ಟರಂತೆ. ಯಜಮಾನರು ಮಣ್ಣಿಗೆ ಹೋಗಿ ಬಂದರು. ಅಂಗಡಿಯಲ್ಲಿ ಅವರ ಸುದ್ದಿ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಕೆಲವು ತಿಂಗಳ ಮೇಲೆ ಅವರ ಮಗಳು ಬಂದಳು. ನಮ್ಮ ಬೀದಿಯ ಆಚೆ ಬೀದಿಯಲ್ಲಿ ಲಾಂಡ್ರಿ ಇಟ್ಟವಳು. ಮುಂಗೈವರೆಗೆ ಚರ್ಮ ನೆನೆದು ಸುಕ್ಕಾಗಿರುವ ಕೈಗಳು. ಕೌಂಟರಿನ ಅಂಚನ್ನು ಹಿಡಿದುಕೊಂಡು ನಿಂತಳು.

"ಅಂಕಲ್, ಅಪ್ಪ ಸೇದ್ತಿದ್ರಲ್ಲ, ಅದರಲ್ಲೇ ಸ್ವಲ್ಪ ಮೆತ್ತಗಿರೋದು ಬೇಕು."

"ನೀನೂ ಶುರು ಹಚ್ಕೊಂಡ್ಯಾ?"

"ನನಗಲ್ಲ. ಅಮ್ಮನಿಗೆ."

ಯಜಮಾನರು ನಾಲಿಗೆಯಿಂದ ಮೇಲಿನ ಸಾಲನ್ನು ಒತ್ತಿ ಸರಿಮಾಡಿಕೊಂಡರು. ಏನು ಹೇಳಬೇಕೋ ತೋಚದಿದ್ದಾಗ ಹಾಗೆ ಮಾಡುತ್ತಾರೆ. ನಾನು ಸ್ಟೂಲು ತಂದುಕೊಟ್ಟೆ. ಅವಳು ಕೂರಲಿಲ್ಲ.

ನಿಂತೇ ಹೇಳಿದಳು. ಅಪ್ಪ ಹೋದ ಮೇಲೆ ಅಮ್ಮನಿಗೆ ಜ್ವರ ಬಂದು ಉಸಿರು ಕೆಟ್ಟಿತು. ಆಸ್ಪತ್ರೆಗೆ ಸೇರಿಸಬೇಕಾಯಿತು. ಶ್ವಾಸಕೋಶ ಎಷ್ಟೋ ವರ್ಷಗಳಿಂದಲೇ ಹಾಳಾಗುತ್ತಾ ಬಂದಿದೆ ಎಂದರು ಡಾಕ್ಟರು. "ಮನೇಲಿ ಯಾರಾದ್ರೂ ಸೇದ್ತಿದ್ರಾ ಅಂತ ಕೇಳಿದ್ರು ಅಂಕಲ್. ಅಮ್ಮ ಇಲ್ಲ ಅಂದ್ಬಿಟ್ಲು. ನನ್ನ ಕಡೆ ನೋಡ್ಕೊಂಡೇ ಇಲ್ಲ ಅಂದ್ಲು. ನಾನು ಬಾಯಿ ಬಿಡಲಿಲ್ಲ."

ಅಮ್ಮ ಆಸ್ಪತ್ರೆಯಲ್ಲಿದ್ದಾಗ ಮಗಳು ಮನೆಯನ್ನು ಚೊಕ್ಕ ಮಾಡಿದಳು. ಅವಳಿಗೆ ಗೊತ್ತಿದ್ದ ಪ್ರೀತಿ ಅದೊಂದೇ ಇರಬೇಕು. ಪರದೆಗಳು, ರಗ್ಗುಗಳು, ಅಪ್ಪನ ಕೋಟುಗಳು, ದಿಂಬಿನ ಹತ್ತಿಯವರೆಗೆ ಎಲ್ಲವೂ ಲಾಂಡ್ರಿಯ ಮೆಷೀನಿಗೆ ಹೋದವು. ಹೊಗೆ ಹಿಡಿದು ಕಂದಾಗಿದ್ದ ಹಿಂದಿನ ಕೋಣೆಗೆ ಸುಣ್ಣದಷ್ಟು ಬಿಳಿಯ ಪೇಂಟು ಹೊಡೆಸಿದಳು. ಅಮ್ಮ ವಾಪಸ್ಸು ಬಂದು ಆ ಕೋಣೆಯ ಹೊಸ್ತಿಲಲ್ಲಿ ನಿಂತು, "ಇವರೆಲ್ಲಿ?" ಎಂದು ಕೇಳಿದಳಂತೆ.

"ಅವರ ವಾಸನೆ ಎಲ್ಲಿಟ್ಟೆ ಅಂತ ದಿನಾ ಕೇಳ್ತಾಳೆ. ಏನು ಹೇಳಲಿ? ಮೋರಿಗೆ ಹೋಯ್ತು ಅನ್ನಲಾ? ಊಟ ಬಿಟ್ಟಿದಾಳೆ. ತಟ್ಟೆ ಮುಂದೆ ಕೂತ್ಕೊಂಡು ಕೈಯಾಡಿಸಿ ಎದ್ಬಿಡ್ತಾಳೆ. ಬಳೆ ಮೊಣಕೈವರೆಗೆ ಜಾರುತ್ತೆ ಈಗ."

"ಬೇರೆ ಕಂಪನಿದು ಮೆತ್ತಗಿರೋದು ಎಷ್ಟೋ ಸಿಗುತ್ತಲ್ಲ?" ಎಂದರು ಯಜಮಾನರು. ಅವರ ಬಾಯಲ್ಲಿ ಆ ಮಾತು ಬರುವುದನ್ನು ನಾನು ಎಂದೂ ಕೇಳಿರಲಿಲ್ಲ.

"ತಂದಿದ್ದೆ. ಹಚ್ಚಿದೆ. ಯಾರೋ ಬೇರೆ ಗಂಡಸನ್ನ ಮನೆಯೊಳಗೆ ಕರ್ಕೊಂಡು ಬಂದಿದೀಯಲ್ಲೇ ಅಂತ ಎದ್ದು ಹೋದ್ಲು. ಆಮೇಲೆ ಅಪ್ಪನ ಡ್ರಾಯರಲ್ಲಿ ಒಂದು ಉಳಿದಿತ್ತು, ಅವರದೇ, ಅದನ್ನ ಹಚ್ಚಿದೆ. ನಾನೂ ಒಳಗೆ ಎಳ್ಕೊಂಡು ವಾಂತಿ ಮಾಡ್ದೆ. ಅಮ್ಮನಿಗೆ ಉಸಿರು ಕಟ್ಟಿ ತುಟಿ ನೀಲಿ ಆಯ್ತು. ಆಂಬುಲೆನ್ಸ್ ಬರೋವರೆಗೆ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ." ಕೌಂಟರಿನ ಅಂಚನ್ನು ಮತ್ತೆ ಹಿಡಿದುಕೊಂಡು, "ಅದಕ್ಕೇ ಅದೇ ಮನೆತನದ್ದು ಬೇಕು, ಆದ್ರೆ ಅವಳು ತಡ್ಕೊಳ್ಳೋ ಅಂಥದ್ದು," ಎಂದಳು.

"ಮೆಣಸಿನಕಾಯಿ ಮಂಡಿಗೆ ಬಂದು ಬೆಲ್ಲ ಕೇಳ್ತಿದೀಯಲ್ಲೇ ತಾಯಿ," ಎಂದರು ಯಜಮಾನರು. ಆದರೆ ಹೇಳುತ್ತಲೇ ಗಾಜಿನ ಕೋಣೆಯ ಬಾಗಿಲು ತೆಗೆದಿದ್ದರು.

ಅಲ್ಲಿ ಅವರು ನಮ್ಮಿಬ್ಬರಿಗೂ ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಹೊರಗಿನ ಎಲೆಯ ಬಣ್ಣ ನೋಡಿ ಮೋಸಹೋಗಬಾರದು, ತಿಳಿ ಬಣ್ಣದ್ದೆಲ್ಲ ಸಾಧುವಲ್ಲ. ಘಾಟು ಇರುವುದು ಒಳಗೆ ತುಂಬಿದ ಎಲೆಯಲ್ಲಿ. ಗಿಡದ ತುದಿಯ ಎಲೆ ಬಿಸಿಲು ಕುಡಿದು ಕಡಕ್ಕಾಗಿರುತ್ತದೆ, ಬುಡದ ಎಲೆ ಸೌಮ್ಯ. ದಪ್ಪ ಸಿಗಾರಿನಲ್ಲಿ ತುದಿ ಎಲೆಗೆ ಜಾಗ ಹೆಚ್ಚು. ಸಣ್ಣದರಲ್ಲಿ ಅದನ್ನು ತುರುಕಲು ಜಾಗವೇ ಇರುವುದಿಲ್ಲ. ಉದ್ದನೆಯದನ್ನು ಹಚ್ಚಿದರೆ ಮೊದಲ ಭಾಗ ಹಗುರ, ಕೊನೆಗೆ ಬರಬರುತ್ತಾ ಏರುತ್ತದೆ. ಇನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಮಲಗಿದ ಸರಕು, ಎಂಥ ಕಡಕ್ಕಾದದ್ದಾದರೂ, ಮೆತ್ತಗಾಗುತ್ತದೆ.

"ಮನುಷ್ಯರ ಹಾಗೇ," ಎಂದರು.

"ನಮ್ಮಪ್ಪ ಆಗಲಿಲ್ಲ," ಎಂದಳು ಮಗಳು.

ಯಜಮಾನರು ಮೂರನ್ನು ಆರಿಸಿದರು: ಒಂದು ಸಣ್ಣದು, ಒಂದು ಉದ್ದನೆಯದು, ಮತ್ತು ಹಲ್ಲಿನವರು ಸೇದುತ್ತಿದ್ದ ಜಾತಿಯದೇ, ಆದರೆ ಎಲ್ಲರೂ ಮರೆತಿದ್ದ ಹಳೆಯ ಪೆಟ್ಟಿಗೆಯದು. ಸೇದುವವರು ಯಾರು ಎಂಬ ಪ್ರಶ್ನೆ ಬಂತು. ಮಗಳಿಗೆ ಬಾರದು. ಯಜಮಾನರು ತಲೆಯಾಡಿಸಿದರು. "ನಾನು ಹೋಗಲ್ಲಪ್ಪಾ. ನನ್ನ ಬಾಯಲ್ಲಿ ಅವನ ಹಲ್ಲು ನೋಡಿದ್ರೆ ಆಯಮ್ಮ ಅಳ್ತಾಳೆ." ಹಾಗೆ ಅದು ನನ್ನ ತಲೆಗೆ ಬಂತು. ನಾನು ಸೇದುವವಳಲ್ಲ. ಆದರೆ ಗಿರಾಕಿಗಳಿಗೆ ಹೇಳಿಕೊಡಲು ಬೇಕೆಂದು, ಹೊಗೆಯನ್ನು ಒಳಗೆ ಬಿಟ್ಟುಕೊಳ್ಳದೆ ಬಾಯಲ್ಲಷ್ಟೇ ಹಿಡಿದು ಬಿಡುವುದನ್ನು ಅಂಗಡಿಯಲ್ಲಿ ಕಲಿತಿದ್ದೆ.

ಮನೆ ಒಂದು ಮಹಡಿಯ ಮೇಲಿತ್ತು. ಮೆಟ್ಟಿಲಲ್ಲೇ ಪೇಂಟಿನ ವಾಸನೆ ಮೂಗಿಗೆ ಹೊಡೆಯಿತು. ಆ ತಾಯಿ ಹೊರಗಿನ ಕೋಣೆಯ ಮಂಚದ ಮೇಲೆ ಕೂತಿದ್ದರು. ಪುಟ್ಟ ದೇಹ, ಮಾತಿನ ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು. ಕತ್ತಿಗೆ ದಾರ ಕಟ್ಟಿ ಉಸಿರಿನ ಔಷಧದ ಪಂಪನ್ನು ತಾಳಿಯಂತೆ ತೂಗುಹಾಕಿಕೊಂಡಿದ್ದರು.

"ನೀನೇನಾ ಸೇದೋಳು?"

"ಹೌದಮ್ಮ."

"ಗಂಡ ಏನೂ ಅನ್ನಲ್ವಾ?"

"ಮದುವೆ ಆಗಿಲ್ಲಮ್ಮ."

"ಸೇದ್ತೀಯ ಅಂತಾನಾ?"

ನಾನು ನಕ್ಕೆ. ಅವರು ನಗಲಿಲ್ಲ, ಆದರೆ ಉತ್ತರಕ್ಕೆ ಕಾದರು. "ಯಾರೂ ಕೇಳಲಿಲ್ಲಮ್ಮ," ಎಂದೆ. ಅವರು ಹೌದು ಎಂಬಂತೆ ತಲೆಯಾಡಿಸಿದರು. ಅದೊಂದು ತೀರ್ಮಾನವಾದ ಮೇಲೆ ನಮ್ಮ ನಡುವೆ ಸಂಕೋಚ ಉಳಿಯಲಿಲ್ಲ.

ಹಿಂದಿನ ಕೋಣೆಯಲ್ಲಿ ಹಲ್ಲಿನವರ ಮೇಜು ಹಾಗೇ ಇತ್ತು. ಅದರ ಮೇಲೆ ಗಾರೆಯ ಅಚ್ಚಿನ ಬಾಯಿಗಳು ಸಾಲಾಗಿದ್ದವು, ಯಾರ್ಯಾರದೋ ದವಡೆಗಳು, ವಾರಸುದಾರರು ಬಾರದವು. ಮಗಳು ಅವನ್ನೂ ತೊಳೆದಿಟ್ಟಿದ್ದಳು. ನಾನು ಕಿಟಕಿಯ ಪಕ್ಕ ಕೂತೆ. ತಾಯಿಯನ್ನು ಬಾಗಿಲಿನಿಂದಾಚೆ ಕುರ್ಚಿಯಲ್ಲಿ ಕೂರಿಸಿದೆವು. ಮಗಳು ಹಿಂದೆ ನಿಂತು ಅವರ ಹೆಗಲ ಮೇಲೆ ಕೈಯಿಟ್ಟಳು.

ಮೊದಲು ಸಣ್ಣದನ್ನು ಹಚ್ಚಿದೆ. ಕಡ್ಡಿ ಎರಡು ಸಲ ಆರಿತು. ಹೊಗೆ ಬಾಗಿಲಿನ ಕಡೆ ಹೋಯಿತು. ತಾಯಿ ಬಾಯಿ ಸ್ವಲ್ಪ ತೆರೆದು, ಕಣ್ಣು ಮುಚ್ಚಿ ಅದನ್ನು ತೆಗೆದುಕೊಂಡರು. ಕೆಮ್ಮಲಿಲ್ಲ. ಮಗಳು ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಆಸೆ ಕಂಡು ನನಗೆ ಭಯವಾಯಿತು.

"ಇವನು ಮೈದುನ," ಎಂದರು ತಾಯಿ.

"ಏನಮ್ಮಾ?"

"ಅದೇ ಮನೆಯವನು. ಆದ್ರೆ ತಮ್ಮ. ಸುಮ್ನೆ ಚಟಪಟ ಅಂತಾನೆ, ಒಳಗೆ ಏನೂ ಇಲ್ಲ."

ಇನ್ನೊಂದು ದಿನ ಉದ್ದನೆಯದನ್ನು ಹಚ್ಚಿದೆ. ಅದನ್ನು ಅವರು ಇನ್ನೂ ಸುಲಭವಾಗಿ ತಡೆದುಕೊಂಡರು. "ಇವನು ಬೀಗರ ಕಡೆಯವನು. ಬಹಳ ಮರ್ಯಾದಸ್ಥ. ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ," ಎಂದರು. ಮಗಳಿಗೆ ನಗು ಬಂತು. ನಗುತ್ತಲೇ ಅಡುಗೆಮನೆಗೆ ಹೋಗಿ, ಬಟ್ಟಲಲ್ಲಿ ಗಂಜಿ ತಂದು ಅಮ್ಮನ ಮುಂದೆ ಹಿಡಿದಳು. ತಾಯಿ ಚಮಚವನ್ನು ಎತ್ತಿ ತುಟಿಗೆ ತಾಗಿಸಿ ಮತ್ತೆ ಬಟ್ಟಲಿಗೇ ಇಟ್ಟರು. ಮಗಳ ನಗು ನಿಂತಿತು.

ನಾನು ಎಲ್ಲ ಆಸೆಯನ್ನೂ ಹಳೆಯ ಪೆಟ್ಟಿಗೆಯ ಮೇಲಿಟ್ಟಿದ್ದೆ. ಅದೇ ಜಾತಿ, ಅದೇ ಅಳತೆ, ವರ್ಷಗಳ ನಿದ್ದೆಯಲ್ಲಿ ಮೆತ್ತಗಾದದ್ದು. ನನ್ನ ಬಾಯಿಗೇ ಅದು ಬೆಣ್ಣೆಯ ಹಾಗಿತ್ತು. ತಾಯಿ ಕಣ್ಣು ಮುಚ್ಚಿ ಹೊಗೆಯನ್ನು ತೆಗೆದುಕೊಂಡರು. ಸಿಗಾರು ಅರ್ಧಕ್ಕೆ ಬರುವವರೆಗೂ ಕೂತಿದ್ದರು.

"ಇದು ನಮ್ಮ ಮಾವ," ಎಂದರು ಕೊನೆಗೆ. "ಒಳ್ಳೇ ಮನುಷ್ಯ. ಒಂದು ದಿನ ಗದರಿಸಲಿಲ್ಲ ನನ್ನ. ಆದ್ರೆ ನಾನು ಮದುವೆ ಆದದ್ದು ಅವರನ್ನಲ್ಲ ಕಣೇ."

ಮಗಳು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನಾನು ಏನಾದರೂ ಹೇಳಬೇಕೆಂದು, "ಅವರ ಸಿಗಾರು ಹೇಗಿರ್ತಿತ್ತಮ್ಮ?" ಎಂದು ಕೇಳಿದೆ. ಮೊದಲೇ ಕೇಳಬೇಕಿತ್ತು. ಸಿಗಾರಿನ ವಿಷಯ ಅಂಗಡಿಯವರಿಗಲ್ಲದೆ ಮನೆಯವರಿಗೂ ಗೊತ್ತಿರುತ್ತದೆ ಎಂದು ನಮಗೆ ತೋಚಿರಲಿಲ್ಲ.

"ಹಚ್ಚಿದಾಗ ಏನೋ ಒಂಥರಾ. ಅದಲ್ಲ. ಬೆಳಿಗ್ಗೆ ಎದ್ದು ಮಿಕ್ಕಿದ್ದನ್ನ ಹಚ್ತಿದ್ರಲ್ಲ, ಅದು."

"ಮಿಕ್ಕಿದ್ದು?"

"ಸಾಯಂಕಾಲ ಅರ್ಧ ಸೇದಿ, ಆ ಗಾರೆ ಕಲಸೋ ಬಟ್ಟಲಲ್ಲಿ ಮೂತಿ ಚುಚ್ಚಿ ಆರಿಸಿಡೋರು. ಬೆಳಿಗ್ಗೆ ಮಿಕ್ಕಿದ್ದು. ನಾನು ಹಾಸಿಗೇಲಿ ಇರೋವಾಗಲೇ ಬರೋದು. ಇಲ್ಲಿ," ಎಂದು ಗಂಟಲ ಕುಳಿಯನ್ನು ಬೆರಳಿಂದ ಮುಟ್ಟಿದರು, "ಇಲ್ಲಿ ಬಂದು ಕೂತ್ಕೊಳ್ಳೋದು. ಎದ್ರಾ ಮಹಾರಾಯರು ಅಂತ ನಾನೂ ಏಳೋಳು."

ಅಂಗಡಿಗೆ ಬಂದು ಇದನ್ನು ಹೇಳಿದಾಗ ಯಜಮಾನರು ಮೊದಲು ನಂಬಲೇ ಇಲ್ಲ. ನಮ್ಮ ಅಂಗಡಿಯಲ್ಲಿ, ಹಚ್ಚಿದ ಸಿಗಾರನ್ನು ಆರಿಸಿಟ್ಟು ಮರುದಿನ ಹಚ್ಚುವುದೆಂದರೆ ಎಂಜಲನ್ನು ಎತ್ತಿಟ್ಟು ತಿಂದ ಹಾಗೆ.

"ಆರಿಸಿ ಮತ್ತೆ ಹಚ್ತಿದ್ನಾ? ಇಷ್ಟು ವರ್ಷ ನನ್ನ ಮುಖ ನೋಡ್ಕೊಂಡು, ಕೊನೇವರೆಗೂ ರೇಷ್ಮೆ ಹಾಗಿತ್ತು ಕಣ್ರೀ ಅಂತಿದ್ನಲ್ಲ."

ನಾಲಿಗೆಯಿಂದ ಸಾಲನ್ನು ಒತ್ತಿದರು. ಆಮೇಲೆ ಅದನ್ನು ತೆಗೆದು, ಕರವಸ್ತ್ರದ ಮೇಲಿಟ್ಟು, ನೋಡುತ್ತಾ ಕೂತರು. ಹಲ್ಲಿಲ್ಲದ ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಮೇಲ್ತುಟಿ ಒಳಗೆ ಸೇದಿಹೋಗಿ ಬಹಳ ವಯಸ್ಸಾದವರ ಹಾಗೆ ಕಂಡರು.

"ನಾವು ಹುಡುಕಿದ್ದೆಲ್ಲ ಉಲ್ಟಾ ಆಯ್ತಲ್ಲಮ್ಮಾ," ಎಂದರು. ಮಾತು ತೊದಲಿತು. "ಆರಿಸಿಟ್ಟದ್ದು ಹಳಸಿರುತ್ತೆ. ಹಚ್ಚಿದ್ರೆ ಎರಡರಷ್ಟು ಘಾಟು, ಕಹಿ. ನಾವು ಮೆತ್ತಗಿರೋದರ ಕಡೆ ಓಡ್ತಿದ್ವಿ, ಆಯಮ್ಮ ಕೇಳ್ತಿದ್ದದ್ದು ಅತ್ಲಾಗಿಂದು."

"ಹಾಗಾದ್ರೆ ಬಿಟ್ಬಿಡೋಣವಾ?"

"ಊಟ ಮಾಡ್ತಿದಾಳಾ?"

"ಇಲ್ಲ."

ಅವರು ಯೋಚಿಸಿದರು. ಈ ಮನೆತನದಲ್ಲಿ ಇರುವುದರಲ್ಲೆಲ್ಲ ಮೆತ್ತಗಿನದ್ದನ್ನು ತೆಗೆದುಕೊಂಡರೆ, ಅದನ್ನು ಆರಿಸಿ ಮತ್ತೆ ಹಚ್ಚಿದರೂ ಘಾಟು ಒಂದು ಮಿತಿಯಲ್ಲಿ ಇರಬಹುದು. ಉದ್ದನೆಯ ಜಾತಿಯದೇ ಹಳೆಯ ಪೆಟ್ಟಿಗೆಯೊಂದು ಕೌಂಟರಿನ ಕೆಳಗಿನ ಗೂಡಿನಲ್ಲಿತ್ತು. ಅದರಲ್ಲಿನ ಸಿಗಾರುಗಳ ಮೈ ಒಣಗಿ ಅಲ್ಲಲ್ಲಿ ಬಿರಿದಿತ್ತು, ನಾವು ಮಾರುವುದನ್ನು ಬಿಟ್ಟಿದ್ದೆವು. ಆರಿಸುವ ಮುಂಚೆ ಸಿಗಾರಿನ ಒಳಗೆ ಒಂದು ಸಲ ಊದಿ, ನಿಂತ ಹೊಗೆಯನ್ನೆಲ್ಲ ಹೊರಗೆ ಹಾಕಿದರೆ ಮರುದಿನ ಕಹಿ ಕಡಿಮೆಯಾಗುತ್ತದೆ, ಹಾಗೆ ಮಾಡು ಎಂದರು.

ಸಂಜೆ ಅಂಗಡಿಯ ಹಿತ್ತಲಲ್ಲಿ ಕೂತು ಅದನ್ನು ಅರ್ಧ ಸೇದಿದೆ. ಊದಬೇಕಾದ ಹೊತ್ತಿಗೆ ನನಗೆ ಅನುಮಾನ ಬಂತು. ಪೂರ್ತಿ ಊದಿದರೆ ಅವರು ಕೇಳುವುದೇ ಹೋಗಿಬಿಟ್ಟರೆ? ಊದದಿದ್ದರೆ ಅವರ ಉಸಿರಿಗೆ ಏನಾದರೂ ಆದರೆ? ಕೊನೆಗೆ ಅರ್ಧಂಬರ್ಧ ಊದಿದೆ. ಇಂಥ ಅರ್ಧಂಬರ್ಧ ನನ್ನ ಸ್ವಭಾವ. ಅದರಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ ಯಾರು ಹೇಳಬೇಕು.

ಮರುದಿನ ಬೆಳಿಗ್ಗೆ ಹೋದೆ. ಆತಂಕದಲ್ಲಿ ಏನೂ ತಿಂದಿರಲಿಲ್ಲ. ಮಗಳು ಬಾಗಿಲಲ್ಲೇ ತಡೆದಳು.

"ಅಕ್ಕಾ, ಏನಾದ್ರೂ ಆದ್ರೆ?"

"ಬೇಡ ಅಂದ್ರೆ ಹೀಗೇ ವಾಪಸ್ ಹೋಗ್ತೀನಿ."

ಒಳಗಿನಿಂದ ತಾಯಿ ಕೇಳಿದರು: "ಏನೇ ಅದು ಗುಸುಗುಸು? ನಾನಿನ್ನೂ ಇದೀನಿ." ಮಗಳು ದಾರಿ ಬಿಟ್ಟಳು.

ಹಚ್ಚಿದ ಕೂಡಲೇ ನನ್ನ ಬಾಯೆಲ್ಲ ಹಳಸಿದ ಬೂದಿಯ ಹಾಗಾಯಿತು. ಮೆತ್ತಗಿನದ್ದು ಎಂದು ಆರಿಸಿ ತಂದದ್ದು ಒಂದು ದಿನದಲ್ಲಿ ಇಷ್ಟು ಸೇಡು ಇಟ್ಟುಕೊಂಡಿತ್ತೇ ಎನಿಸಿತು. ಹೊಗೆ ದಟ್ಟವಾಗಿ ಬಾಗಿಲಿನ ಕಡೆ ತೇಲಿತು. ತಾಯಿಯ ಬಾಯಿ ತೆರೆಯಿತು. ಒಂದು ಸಲ ಕೆಮ್ಮಿದರು. ಮಗಳು ಮುಂದೆ ಬಂದಳು. ತಾಯಿ ಅವಳ ಕೈ ತಳ್ಳಿ, ಎದ್ದು, ಕೋಣೆಯೊಳಗೆ ಬಂದರು. ಗೋಡೆ ಹಿಡಿದು, ಮೇಜು ಹಿಡಿದು, ಗಂಡನ ಸ್ಟೂಲಿನ ಮೇಲೆ ನನ್ನೆದುರು ಕೂತರು.

"ಕಿಟಕಿ ಹಾಕು," ಎಂದರು.

"ಆಗಲ್ಲಮ್ಮ," ಎಂದಳು ಮಗಳು.

"ಹಾಕೇ."

ಯಾರೂ ಹಾಕಲಿಲ್ಲ. ನಾನು ಇನ್ನೊಂದು ಸಲ ಎಳೆದು ಬಿಟ್ಟೆ. ಅವರ ಎದೆಯಲ್ಲಿ ಗೊರಗೊರ ಸದ್ದು ಶುರುವಾಯಿತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಹೊಗೆಗೋ ಬೇರೆ ಯಾವುದಕ್ಕೋ. ಖಾಲಿ ಹೊಟ್ಟೆಯಲ್ಲಿದ್ದ ನನಗೆ ತಲೆ ತಿರುಗತೊಡಗಿತು. ಹಣೆಯ ಮೇಲೆ ತಣ್ಣನೆಯ ಬೆವರು. ಮೇಜಿನ ಮೇಲಿನ ಬಾಯಿಗಳೆಲ್ಲ ಒಂದೇ ಕಡೆ ವಾಲಿದ ಹಾಗಾಯಿತು. ನಿಲ್ಲಿಸಬೇಕು ಎಂದು ಗೊತ್ತಿತ್ತು, ಆದರೆ ಅವರ ಮುಖ ನೋಡಿ ಮತ್ತೊಂದು ಸಲ ಎಳೆದೆ.

ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೈ ಚಾಚಿ ನನ್ನ ಮೊಣಕಾಲು ತಟ್ಟಿದರು.

"ಹ್ಞೂಂ. ಬಂದ್ರು," ಎಂದರು. "ಸಾಕು, ಆರಿಸು ಮಗಾ."

ಮಗಳು ಪಂಪನ್ನು ಅವರ ಬಾಯಿಗಿಟ್ಟಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ತಲೆ ಬಗ್ಗಿಸಿ ಕೂತೆ. ಸ್ವಲ್ಪ ಹೊತ್ತಿಗೆ ಒಳಗೆ ಉಸಿರು ತಹಬಂದಿಗೆ ಬಂತು. ಅವತ್ತು ಮಧ್ಯಾಹ್ನ ಅವರು ಉಂಡರು. ಬಡಿಸಿದ್ದನ್ನು ಪೂರ್ತಿ ಉಂಡರು ಎಂದು ಮಗಳು ಲಾಂಡ್ರಿಯಿಂದ ನಮ್ಮ ಅಂಗಡಿಗೆ ಓಡಿಬಂದು ಹೇಳಿದಳು. ಯಜಮಾನರು ಆ ಬಿರಿದ ಸಿಗಾರುಗಳ ಪೆಟ್ಟಿಗೆಯನ್ನು ಮೇಲಿನ ಗೂಡಿಗೆ ಎತ್ತಿಟ್ಟರು. ಬೇಕಾದಾಗ ಬಂದು ತೆಗೆದುಕೊಂಡು ಹೋಗು ಎಂದರು.

ಆದರೆ ತಾಯಿ ಮತ್ತೆ ಕೇಳಲಿಲ್ಲ. "ಇನ್ನು ಬೇಡ" ಎಂದರಂತೆ. ತಮ್ಮ ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿಕೊಂಡು ಅಲ್ಲೇ ಮಲಗತೊಡಗಿದರು. ಕೆಲವು ವಾರ ಚೆನ್ನಾಗಿದ್ದರು. ಚಳಿ ಶುರುವಾದ ಮೇಲೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಹೋದವರು ವಾಪಸ್ಸು ಬರಲಿಲ್ಲ.

ಎಲ್ಲ ಮುಗಿದ ಮೇಲೆ ಮಗಳು ಒಂದು ದಿನ ಅಂಗಡಿಗೆ ಬಂದಳು. ಈ ಸಲ ಸ್ಟೂಲಿನ ಮೇಲೆ ಕೂತಳು. ಆ ಹೊಗೆಯಿಂದಲೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ ಎಂದಳು. ಕೊನೆಗೂ ಎಲ್ಲವನ್ನೂ ಹೇಳಿದ್ದಳು, ಅಪ್ಪನ ವಿಷಯವನ್ನೂ. ಇಷ್ಟು ವರ್ಷದ ಹೊಗೆಯ ಮುಂದೆ ಆ ಒಂದು ಬೆಳಿಗ್ಗೆಯ ಲೆಕ್ಕ ಹೇಳಲಾಗುವುದಿಲ್ಲ ಎಂದರಂತೆ. ಆಮೇಲೆ ಡಾಕ್ಟರೇ ಇನ್ನೊಂದು ಮಾತು ಕೇಳಿದರಂತೆ.

"ನಿಮ್ಮಮ್ಮನಿಗೆ ವಾಸನೆ ಗೊತ್ತಾಗ್ತಿತ್ತಾ ಅಂತ ಕೇಳಿದ್ರು ಅಕ್ಕಾ. ಮೊದಲ ಸಲ ಆಸ್ಪತ್ರೆ ಸೇರಿದಾಗ ಬಂದಿತ್ತಲ್ಲ ಆ ಜ್ವರ, ಅದರಲ್ಲಿ ಮೂಗೇ ಹೋಗಿರಬಹುದು ಅಂದ್ರು. ಇರಬಹುದು ಅಂದ್ರು ಅಷ್ಟೇ. ಪರೀಕ್ಷೆ ಏನೂ ಮಾಡಿಲ್ಲ. ಆಗ ನನಗೆ ನೆನಪಾಯ್ತು. ಒಂದಿನ ಒಲೆ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ತಳ ಕರಕಲಾಗಿತ್ತು. ಅಮ್ಮ ಅಡುಗೆಮನೆ ಬಾಗಿಲಲ್ಲೇ ಕೂತಿದ್ಲು. ನಾನು ಬಂದು ಕೂಗಾಡಿದ ಮೇಲೆ ತಿರುಗಿ ನೋಡಿದ್ಲು."

"ಮತ್ತೆ ಮೈದುನ, ಮಾವ ಅಂತ ಹೇಗೆ ಹೇಳ್ತಿದ್ರು?" ಎಂದು ಕೇಳಿದೆ.

ಉತ್ತರ ಹೇಳಿದವರು ಯಜಮಾನರು. ಮೂಗು ಸತ್ತವರಿಗೂ ಗಂಟಲು ಇರುತ್ತದೆ ಎಂದರು. ಹೊಗೆಯ ಪರಿಮಳ ತಿಳಿಯದಿದ್ದರೂ ಅದರ ಉರಿ ತಿಳಿಯುತ್ತದೆ, ಎಷ್ಟು ಚುರುಕು, ಎಲ್ಲಿ ತಾಗಿತು ಎಂದು. ಆಯಮ್ಮ ಗಂಡನನ್ನು ಉರಿಯಲ್ಲಿ ಹುಡುಕುತ್ತಿದ್ದರೆ, ನಾವು ಮೆತ್ತಗೆ ಮಾಡಿದಷ್ಟೂ ಅವನನ್ನು ದೂರ ಕಳಿಸಿದ ಹಾಗಾಯಿತು.

ಮಗಳು ತನ್ನ ಸುಕ್ಕುಗಟ್ಟಿದ ಬೆರಳುಗಳನ್ನು ನೋಡಿಕೊಳ್ಳುತ್ತಾ ಕೂತಿದ್ದಳು. "ಹಾಗಾದ್ರೆ ನಾನು ಏನೂ ತೊಳೀದೇ ಇದ್ದಿದ್ರೂ ಅವಳಿಗೆ ಅಪ್ಪ ಸಿಗ್ತಿರಲಿಲ್ವಾ?" ಎಂದು ಕೇಳಿದಳು. ಸಮಾಧಾನಕ್ಕೆ ಕೇಳಿದಳೋ ಸಂಕಟಕ್ಕೆ ಕೇಳಿದಳೋ ಅವಳ ದನಿಯಲ್ಲಿ ತಿಳಿಯಲಿಲ್ಲ. ಯಜಮಾನರು ಗಾಜಿನ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವಳು ನನ್ನ ಕಡೆ ತಿರುಗಿದಳು.

"ಅಕ್ಕಾ, ನೀವು ಎದುರಿಗೇ ಇದ್ರಲ್ಲ. ಅವತ್ತು ಬಂದ್ರು ಅಂದ್ಲಲ್ಲ ಅಮ್ಮ. ನಿಜವಾಗ್ಲೂ ಬಂದಿದ್ರಾ?"

ನಾನು ಕೌಂಟರಿನಿಂದ ಈಚೆ ಬಂದು ಅವಳ ಪಕ್ಕ ನಿಂತೆ. ಆ ಹಳಸಿದ ಉರಿ ಅವರ ಗಂಟಲ ಕುಳಿಯಲ್ಲಿ ಬಂದು ಕೂತಿರಬಹುದು, ಅದು ಅವರಿಗೆ ಸಾಕಾಗಿರಬಹುದು. ಅಥವಾ ಏನೂ ಬರದೆ, ನನ್ನ ಬಿಳಿಚಿದ ಮುಖ ನೋಡಿ ಈ ಹೆಂಗಸು ಎಲ್ಲಿ ಬಿದ್ದುಬಿಡುತ್ತಾಳೋ ಎಂದು ಕನಿಕರದಿಂದ ಹಾಗೆ ಹೇಳಿರಬಹುದು. ಮಗಳಿಗಾಗಿ ಉಂಡಿರಬಹುದು. ಡಾಕ್ಟರಿಗೆ ಸುಳ್ಳು ಹೇಳಿದ ಹಾಗೆ ನಮಗೂ ಹೇಳಿರಬಹುದು. ಅವರ ಮೂಗು ಹೋಗಿತ್ತೋ ಇಲ್ಲವೋ ಎಂಬುದೇ ನನಗೆ ಗೊತ್ತಿಲ್ಲ. ಅವರು ನನ್ನ ಮೊಣಕಾಲು ಯಾಕೆ ತಟ್ಟಿದರು ಎಂಬುದೂ ಗೊತ್ತಿಲ್ಲ.